ಚಿಕ್ಕ ಮಕ್ಕಳನ್ನು ಕರೆದುಕೊಂಡು ಮೈಸೂರಿಗೆ ಹೋಗಿಬರುವ ಬಗೆ

ಬೆಂಗಳೂರು, ಮಂಡ್ಯ, ಹಾಸನದ ಕಡೆಯ ಕುಟುಂಬಗಳಿಗೆ ಮಕ್ಕಳಿಗೆ ಏನಾದರೂ ತೋರಿಸಬೇಕು ಅನ್ನಿಸಿದಾಗ ಮೊದಲು ನೆನಪಾಗುವ ಊರು ಮೈಸೂರು. ಬೆಳಗ್ಗೆ ಹೊರಟರೆ ರಾತ್ರಿಯೊಳಗೆ ಮನೆ ಸೇರಬಹುದು. ಪ್ರಾಣಿಗಳಿವೆ, ಅರಮನೆಯಿದೆ, ಬೆಟ್ಟವಿದೆ, ಕೆರೆಯಿದೆ. ತೊಂದರೆ ಶುರುವಾಗುವುದು ಇಷ್ಟೆಲ್ಲ ಇರುವುದರಿಂದಲೇ. ಮೃಗಾಲಯ, ಅರಮನೆ, ಚಾಮುಂಡಿ ಬೆಟ್ಟ, ಸಂಜೆಗೆ ಬೃಂದಾವನ ಎಂದು ನಾಲ್ಕನ್ನೂ ಒಂದೇ ದಿನಕ್ಕೆ ಪೋಣಿಸಿದರೆ ದೊಡ್ಡವರೇ ಸುಸ್ತಾಗುತ್ತಾರೆ. ಎರಡರಿಂದ ಆರು ವರ್ಷದ ಮಗು ಜೊತೆಗಿದ್ದರೆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಆ ಲೆಕ್ಕಾಚಾರವೆಲ್ಲ ತಲೆಕೆಳಗಾಗಿ, ಅರಮನೆಯ ಮುಂದೆ ಮಗು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದರೆ ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿರುತ್ತಾರೆ. "ಬಂದದ್ದೇ ಬಂದಿದ್ದೇವೆ, ಅದನ್ನೂ ನೋಡಿಬಿಡೋಣ" ಎಂದು ಯಾರೋ ಒಬ್ಬರು ಹೇಳಿರುತ್ತಾರೆ, ಮಿಕ್ಕವರು ಒಪ್ಪಿರುತ್ತಾರೆ. ಮಕ್ಕಳೊಂದಿಗಿನ ಪ್ರವಾಸ ಕೆಡುವುದು ಬಹುಮಟ್ಟಿಗೆ ಆ ಒಂದು ಮಾತಿನಿಂದ.

ಆದ್ದರಿಂದ ಇಲ್ಲಿ ಹೇಳುವ ಏರ್ಪಾಡು ಸರಳವಾದದ್ದು. ಬೆಳಗಿನ ತಂಪು ಹೊತ್ತಿಗೆ ಒಂದು ದೊಡ್ಡ ಜಾಗ, ಮಧ್ಯಾಹ್ನ ಮಗುವಿನ ಊಟ ಮತ್ತು ನಿದ್ದೆ, ಸಂಜೆ ಒಂದು ಚಿಕ್ಕ ಜಾಗ. ದೊಡ್ಡ ಜಾಗವೆಂದರೆ ಮೃಗಾಲಯ. ಚಿಕ್ಕದು ರೈಲ್ವೆ ಮ್ಯೂಸಿಯಂ ಅಥವಾ ಕಾರಂಜಿ ಕೆರೆ, ಭಾನುವಾರವಾಗಿದ್ದರೆ ಅರಮನೆಯ ದೀಪ. ತಾಯಿಯ ದರ್ಶನ ಮಾಡದೆ ಮೈಸೂರಿನಿಂದ ಮರಳುವುದು ಸರಿಯಲ್ಲ ಎನ್ನುವ ಹಿರಿಯರು ಜೊತೆಗಿದ್ದರೆ ಸಂಜೆಯ ಚಿಕ್ಕ ಜಾಗವನ್ನು ಕೈಬಿಟ್ಟು ಬೆಟ್ಟಕ್ಕೆ ಹೋಗಬಹುದು. ಎರಡನ್ನೂ ಸೇರಿಸಲು ಹೋಗಬಾರದು.

ದಿನ ಗೊತ್ತುಮಾಡುವಾಗ

ಮೃಗಾಲಯಕ್ಕೂ ಅದರ ಪಕ್ಕದಲ್ಲೇ ಇರುವ ಕಾರಂಜಿ ಕೆರೆಗೂ ಮಂಗಳವಾರ ವಾರದ ರಜೆ. ದಸರಾ ಮತ್ತು ಸಾರ್ವಜನಿಕ ರಜೆಯ ದಿನಗಳಲ್ಲಿ ಇದು ಬದಲಾಗುವುದುಂಟು, ಹಾಗಾಗಿ ಹೊರಡುವ ಮುನ್ನಾದಿನ ಮೃಗಾಲಯದ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳ ಸಂಜೆ ಇರುತ್ತದೆ. ಅದೇ ದಿನಗಳಲ್ಲಿ ಮೃಗಾಲಯದಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಮಗುವಿಗೆ ಮೂರು ತುಂಬಿಲ್ಲದಿದ್ದರೆ ದೀಪದ ಆಸೆಯನ್ನು ಬಿಟ್ಟು ಬುಧವಾರ ಅಥವಾ ಗುರುವಾರ ಒಂದು ದಿನ ರಜೆ ಹಾಕಿ ಹೋಗುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ನಾಲ್ಕೈದು ವರ್ಷದ ಮಗುವಾದರೆ ಭಾನುವಾರದ ಜನಜಂಗುಳಿಯನ್ನು ಸಹಿಸಿಕೊಂಡದ್ದಕ್ಕೂ ಸಂಜೆಯ ದೀಪಕ್ಕೂ ಸರಿಹೋಗುತ್ತದೆ.

ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಹವೆ ಮಕ್ಕಳಿಗೆ ಹಿತವಾಗಿರುತ್ತದೆ. ಆದರೆ ಡಿಸೆಂಬರ್, ಜನವರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳು ವಾರದ ದಿನಗಳಲ್ಲೂ ಸಾಲುಗಟ್ಟಿ ಬರುತ್ತವೆ. ಅವು ಬಂದು ಮಕ್ಕಳನ್ನು ಇಳಿಸಿ ಸಾಲು ನಿಲ್ಲಿಸುವಷ್ಟರಲ್ಲಿ ನೀವು ಒಳಗೆ ಅರ್ಧ ದಾರಿ ಸವೆಸಿರಬೇಕು. ಮಾರ್ಚ್‌ನಿಂದ ಮೇ ತನಕ ಹೋಗಲೇಬೇಕಾದರೆ ಹನ್ನೊಂದು ಗಂಟೆಗೆಲ್ಲ ಹೊರಗೆ ಬರುವ ಹಾಗೆ ಹೊತ್ತು ಹೊಂದಿಸಿಕೊಳ್ಳಬೇಕು.

ಹೋಗುವ ದಾರಿ

ಬೆಂಗಳೂರಿನಿಂದ ಹೊರಡುವವರಿಗೆ ನಾನು ರೈಲನ್ನೇ ಸೂಚಿಸುತ್ತೇನೆ. ಸುಮಾರು 140 ಕಿಲೋಮೀಟರಿನ ಈ ದಾರಿಗೆ ರೈಲಿನಲ್ಲಿ ಎರಡರಿಂದ ಮೂರು ಗಂಟೆ ಹಿಡಿಯುತ್ತದೆ. ಕಾರಿನಲ್ಲಿ ಹೋದರೂ ಬೆಂಗಳೂರು ದಾಟುವ ಹೊತ್ತನ್ನು ಸೇರಿಸಿಕೊಂಡರೆ ಹೆಚ್ಚೇನೂ ಉಳಿಯುವುದಿಲ್ಲ. ರೈಲಿನಲ್ಲಿ ಮಗು ಎದ್ದು ಓಡಾಡಬಹುದು, ಶೌಚಾಲಯವಿದೆ, ಕಿಟಕಿಯಿದೆ. ಕಾರಿನಲ್ಲಿ ಮೊದಲಿನ ಎರಡೂ ಇಲ್ಲ. ದಾರಿಯುದ್ದಕ್ಕೂ ನೋಡುವುದಕ್ಕೂ ಬೇಕಾದಷ್ಟಿದೆ. ರಾಮನಗರದಲ್ಲಿ ಹಾಸುಬಂಡೆಗಳ ಬೆಟ್ಟ, ಮಂಡ್ಯದ ಸುತ್ತ ಕಬ್ಬಿನ ಗದ್ದೆ, ಶ್ರೀರಂಗಪಟ್ಟಣದಲ್ಲಿ ಕಾವೇರಿ. ಹೊಳೆ ಬರುವುದಕ್ಕೆ ಐದು ನಿಮಿಷ ಮೊದಲೇ ಮಗುವನ್ನು ಕಿಟಕಿಯ ಬಳಿ ಕೂರಿಸಿದರೆ, ಸೇತುವೆಯ ಮೇಲೆ ಗಾಲಿಯ ಸದ್ದು ಬದಲಾಗುವುದನ್ನು ಅದು ತಾನಾಗಿಯೇ ಗುರುತಿಸುತ್ತದೆ. ಮದ್ದೂರಿನಲ್ಲಿ ವಡೆಯವರು ಹತ್ತಿದಾಗ ದೊಡ್ಡವರು ತಿನ್ನುವುದನ್ನು ಮಗು ಸುಮ್ಮನೆ ನೋಡಿಕೊಂಡಿರುವುದಿಲ್ಲ. ಮದ್ದೂರು ವಡೆಯಲ್ಲಿ ಈರುಳ್ಳಿಯ ಜೊತೆಗೆ ಹಸಿಮೆಣಸಿನಕಾಯಿಯೂ ಇರುವುದರಿಂದ ಮೆಣಸು ಕಾಣದ ಗರಿಗರಿ ಅಂಚನ್ನು ಮುರಿದು ಕೊಟ್ಟರೆ ಸಾಕು.

ಐದು ವರ್ಷದೊಳಗಿನ ಮಗುವಿಗೆ ಬೇರೆ ಸೀಟು ಬೇಡವಾದರೆ ರೈಲ್ವೆಯಲ್ಲಿ ಟಿಕೆಟ್ ಬೇಕಿಲ್ಲ. ಸೀಟು ಬೇಕೆಂದರೆ ದೊಡ್ಡವರಷ್ಟೇ ದರ ಕೊಡಬೇಕು. ಮೂರು ವರ್ಷ ದಾಟಿದ ಮಗುವಾಗಿದ್ದರೆ ಆ ದರ ಕೊಟ್ಟು ಕಿಟಕಿಯ ಸೀಟು ಹಿಡಿಯುವುದು ಮೇಲು, ಏಕೆಂದರೆ ಮೂರು ಗಂಟೆ ತೊಡೆಯ ಮೇಲೆ ಕೂತ ಮಗುವೂ ಕೂರಿಸಿಕೊಂಡ ಅಮ್ಮನೂ ಮೈಸೂರಿನಲ್ಲಿ ಇಳಿಯುವ ಹೊತ್ತಿಗೆ ಆಗಲೇ ದಣಿದಿರುತ್ತಾರೆ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಹೋಗುವುದಾದರೆ ಶಕ್ತಿ ಯೋಜನೆಯಿಂದ ಮನೆಯ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಖರ್ಚಿಲ್ಲ. ಆದರೆ ರಜೆಯ ದಿನ ಆ ಬಸ್ಸುಗಳು ಕಿಕ್ಕಿರಿದಿರುತ್ತವೆ, ಮಗುವಿಗೆ ಅವಸರವಾದಾಗ ಬಸ್ಸು ನಿಲ್ಲಿಸಿ ಎಂದು ಕೇಳಬೇಕಾಗುತ್ತದೆ.

ಕಾರಿನಲ್ಲೇ ಹೋಗುವವರು ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ಅಭ್ಯಾಸವನ್ನು ಬಿಡಬೇಕು. 14 ವರ್ಷದೊಳಗಿನ ಮಕ್ಕಳಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟು ಇರಲೇಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ತಪ್ಪಿದರೆ 1,000 ರೂಪಾಯಿ ದಂಡ. ದಂಡದ ಮಾತು ಹಾಗಿರಲಿ, ಎಕ್ಸ್‌ಪ್ರೆಸ್‌ವೇಯ ವೇಗದಲ್ಲಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಾಕಿದರೆ ತೊಡೆಯ ಮೇಲಿನ ಮಗುವನ್ನು ಯಾರ ತೋಳೂ ಹಿಡಿದಿಡಲಾರದು. ಹೊಟ್ಟೆ ತೊಳಸುವ ಮಗುವಾದರೆ ಹೊರಡುವ ಮುಂಚೆ ಹಾಲು ಕುಡಿಸದೆ ಒಂದು ಇಡ್ಲಿಯನ್ನೋ ಎರಡು ಬಿಸ್ಕತ್ತನ್ನೋ ಕೊಟ್ಟು, ದಾರಿಯಲ್ಲಿ ಮೊಬೈಲ್ ತೋರಿಸದೆ ದೂರದ ಮರ, ಬೆಟ್ಟ ನೋಡುವಂತೆ ಮಾತಿಗೆಳೆಯಬೇಕು. ಕೈಗೆ ಸಿಗುವ ಹಾಗೆ ಒಂದು ಗಟ್ಟಿ ಕವರ್ ಇಟ್ಟುಕೊಂಡಿರಲೇಬೇಕು.

ಚೀಲಕ್ಕೆ ಏನು ಹಾಕಬೇಕು

ಒಂದು ಚೀಲ ಸಾಕು, ಅದು ಬೆನ್ನಿಗೆ ಹಾಕುವಂಥದ್ದಾಗಿರಲಿ; ಎರಡೂ ಕೈ ಖಾಲಿಯಿರಬೇಕು. ಮಗುವಿಗೆ ಎರಡು ಜೊತೆ ಬಟ್ಟೆ, ಎಷ್ಟು ಬೇಕೆನಿಸುತ್ತದೋ ಅದಕ್ಕಿಂತ ಎರಡು ಹೆಚ್ಚು ಡೈಪರ್ ಅಥವಾ ಚಡ್ಡಿ, ಒದ್ದೆ ಬಟ್ಟೆಗೆ ಒಂದು ಕವರ್, ಅಂಚಿರುವ ಟೋಪಿ, ಸ್ಟೀಲ್ ಬಾಟಲಿಯಲ್ಲಿ ನೀರು. ಮೃಗಾಲಯದ ಬಾಗಿಲಲ್ಲಿ ಪ್ಲಾಸ್ಟಿಕ್‌ಗಾಗಿ ಚೀಲ ತಪಾಸಣೆ ಮಾಡುತ್ತಾರೆ, ಆದ್ದರಿಂದ ತಿಂಡಿಯನ್ನು ಮೊದಲೇ ಡಬ್ಬಿಗೆ ಹಾಕಿಕೊಂಡು ಬಂದರೆ ಅಲ್ಲಿ ನಿಂತು ಚೀಲ ಬಿಚ್ಚುವ ಪೇಚಾಟ ತಪ್ಪುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಅಜ್ಜಿಯ ಹಳೆಯ ಹತ್ತಿ ಸೀರೆಯ ಅರ್ಧ. ಹುಲ್ಲಿನ ಮೇಲೆ ಹಾಸುವುದಕ್ಕೆ, ಮಲಗಿದ ಮಗುವಿಗೆ ಹೊದಿಸುವುದಕ್ಕೆ, ಹಾಲುಣಿಸುವಾಗ ಮರೆ ಮಾಡಿಕೊಳ್ಳುವುದಕ್ಕೆ, ಮಗುವನ್ನು ಸೊಂಟಕ್ಕೆ ಕಟ್ಟಿಕೊಳ್ಳುವುದಕ್ಕೆ ಅದೇ ಒಂದು ಸಾಕು, ಮಡಚಿದರೆ ಅಂಗೈಯಗಲ ಆಗುತ್ತದೆ.

ಔಷಧದ ಪೊಟ್ಟಣದಲ್ಲಿ ಮಗುವಿನ ವೈದ್ಯರು ತೂಕ ನೋಡಿ ಹೇಳಿರುವ ಜ್ವರದ ಸಿರಪ್, ಬ್ಯಾಂಡೇಜ್, ಒಂದು ಓಆರ್‌ಎಸ್ ಪೊಟ್ಟಣ ಇರಲಿ. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಕರಗಿಸಬೇಕು. ಅರ್ಧ ಪುಡಿಯನ್ನು ಕಣ್ಣಳತೆಯಲ್ಲಿ ಲೋಟಕ್ಕೆ ಹಾಕಿದರೆ ಉಪ್ಪಿನ ಪ್ರಮಾಣ ಏರುಪೇರಾಗಿ ಮಗುವಿಗೆ ಒಳ್ಳೆಯದಕ್ಕಿಂತ ಕೆಡುಕೇ ಹೆಚ್ಚಾಗಬಹುದು. ಕಲಸಿದ ನೀರನ್ನು 24 ಗಂಟೆಯ ನಂತರ ಚೆಲ್ಲಬೇಕು.

ಊಟದ ಮಾತಿಗೆ ಬಂದರೆ, ಮಕ್ಕಳಿಗೆ ಮನೆಯ ಮೊಸರನ್ನಕ್ಕಿಂತ ಹೊಂದುವ ಬುತ್ತಿ ಬೇರೊಂದಿಲ್ಲ, ಆದರೆ ಅದನ್ನು ಕಲಸುವ ಕ್ರಮ ಸರಿಯಾಗಿರಬೇಕು. ಬೆಳಗ್ಗೆ ಐದಕ್ಕೆ ಮೊಸರು ಹಾಕಿ ಕಲಸಿದ ಅನ್ನ ಹನ್ನೆರಡರ ಹೊತ್ತಿಗೆ ಹುಳಿಯಾಗಿ, ಮಗು ಒಂದು ತುತ್ತಿಗೇ ಮುಖ ಸಿಂಡರಿಸುತ್ತದೆ. ಅನ್ನವನ್ನು ಎಂದಿಗಿಂತ ಸ್ವಲ್ಪ ಮೆತ್ತಗೆ ಮಾಡಿ, ಬಿಸಿಯಿರುವಾಗಲೇ ಸೌಟಿನ ಬೆನ್ನಿನಿಂದ ನುರಿದು, ಕಾಯಿಸಿದ ಹಾಲನ್ನು ಗಂಜಿಯಂತೆ ಸಡಿಲವಾಗುವಷ್ಟು ಸುರಿಯಬೇಕು. ಅನ್ನ ಹಾಲನ್ನು ಹೀರಿಕೊಳ್ಳುತ್ತಾ ಹೋಗುವುದರಿಂದ ಆಗ ನೀರುನೀರಾಗಿ ಕಂಡರೂ ಹೆದರಬೇಕಿಲ್ಲ. ಬೆರಳಿಟ್ಟರೆ ಉಗುರುಬೆಚ್ಚಗಿದೆ ಅನ್ನಿಸಿದ ಮೇಲೆ, ಅದಕ್ಕಿಂತ ಮುಂಚೆ ಅಲ್ಲ, ಎರಡು ಚಮಚ ಸಿಹಿ ಮೊಸರನ್ನೂ ಚಿಟಿಕೆ ಉಪ್ಪನ್ನೂ ಹಾಕಿ ಕಲಸಿ ಡಬ್ಬಿಗೆ ತುಂಬಬೇಕು. ದಾರಿಯಲ್ಲಿ ಹಾಲು ತಾನೇ ಹೆಪ್ಪಾಗಿ ಊಟದ ಹೊತ್ತಿಗೆ ಹುಳಿಯಿಲ್ಲದ ಮೊಸರನ್ನವಾಗಿರುತ್ತದೆ. ಸೌತೆಕಾಯಿ ತುರಿ ಹಾಕಬಾರದು, ನೀರು ಬಿಡುತ್ತದೆ. ಬೇಸಿಗೆಯಲ್ಲಿ ಇದನ್ನು ಹನ್ನೆರಡರೊಳಗೆ ತಿನ್ನಿಸಿ ಮುಗಿಸಬೇಕು, ಮಿಕ್ಕದ್ದನ್ನು ಸಂಜೆಗೆಂದು ಉಳಿಸಬಾರದು.

ಮೃಗಾಲಯದೊಳಗೆ

ಹತ್ತನೆಯ ಚಾಮರಾಜ ಒಡೆಯರ ಕಾಲದಲ್ಲಿ, 1892ರಲ್ಲಿ, ಅರಮನೆಯ ಪ್ರಾಣಿಸಂಗ್ರಹವಾಗಿ ಆರಂಭವಾದ ಶ್ರೀ ಚಾಮರಾಜೇಂದ್ರ ಮೃಗಾಲಯ ಬೆಳಗ್ಗೆ ಎಂಟೂವರೆಗೆ ತೆರೆಯುತ್ತದೆ. ಆ ಹೊತ್ತಿಗೇ ಟಿಕೆಟ್ ಕೌಂಟರಿನ ಮುಂದೆ ಇರುವಂತೆ ಬರುವುದರಲ್ಲಿ ಎರಡು ಲಾಭಗಳಿವೆ. ಬಿಸಿಲೇರುವ ಮುನ್ನ ಪ್ರಾಣಿಗಳು ಓಡಾಡಿಕೊಂಡಿರುತ್ತವೆ. ಮಧ್ಯಾಹ್ನ ಹುಲಿ, ಸಿಂಹ, ಚಿರತೆಗಳು ನೆರಳು ಹುಡುಕಿಕೊಂಡು ಮಲಗಿರುವುದರಿಂದ ಮಗುವಿಗೆ ಕಾಣುವುದು ಬಾಲವಷ್ಟೇ. ಇನ್ನೊಂದು ಲಾಭ ಕಟಕಟೆಯ ಮುಂದೆ ಜಾಗ ಸಿಗುವುದು. ಜನ ಹೆಚ್ಚಾದ ಮೇಲೆ ಮೂರು ಅಡಿ ಎತ್ತರದ ಮಗುವಿಗೆ ಎದುರಿನವರ ಪ್ಯಾಂಟು, ಸೀರೆ ಬಿಟ್ಟರೆ ಇನ್ನೇನೂ ಕಾಣಿಸುವುದಿಲ್ಲ. ಬೆಂಗಳೂರಿನಿಂದ ಅದೇ ದಿನ ಬರುವವರಿಗೆ ಎಂಟೂವರೆ ಕಷ್ಟವಾದರೆ ಹಿಂದಿನ ಸಂಜೆಯೇ ಬಂದು ಉಳಿಯುವುದು ಉತ್ತಮ. ಅದಾಗದಿದ್ದರೆ ಮೊದಲ ರೈಲು ಹಿಡಿದು ಹತ್ತರೊಳಗಾದರೂ ಒಳಗಿರಬೇಕು.

ಒಳಗಿನ ದಾರಿ ಬಳಸಿ ಬಳಸಿ ಸಾಗುವುದರಿಂದ ಪೂರ್ತಿ ಸುತ್ತಿದರೆ ಸುಮಾರು ಮೂರು ಕಿಲೋಮೀಟರ್ ಆಗುತ್ತದೆ. ದಾರಿ ನುಣುಪಾಗಿದೆ, ಮರದ ನೆರಳಿದೆ, ಆದ್ದರಿಂದ ಸ್ಟ್ರೋಲರ್ ಇದ್ದವರು ಧಾರಾಳವಾಗಿ ತರಬಹುದು. ನಾಲ್ಕು ವರ್ಷದ ಮಗು "ನಾನೇ ನಡೀತೀನಿ" ಎಂದು ಹೊರಟರೂ ಅರ್ಧದಲ್ಲಿ "ಅಪ್ಪಾ, ಎತ್ಕೋ" ಎನ್ನುವುದು ಖಂಡಿತ. ಹಿರಿಯರು ಜೊತೆಗಿದ್ದರೆ ಬ್ಯಾಟರಿ ಗಾಡಿಯ ವ್ಯವಸ್ಥೆಯಿದೆ. ಆದರೆ ಗಾಡಿಯಲ್ಲಿ ಎಲ್ಲಿ ಬೇಕೆಂದರಲ್ಲಿ ಬೇಕಾದಷ್ಟು ಹೊತ್ತು ನಿಲ್ಲಲಾಗುವುದಿಲ್ಲ, ಮಕ್ಕಳಿಗೆ ಬೇಕಾದದ್ದು ನಿಲ್ಲುವುದೇ. ಅಜ್ಜಿ ತಾತ ಗಾಡಿಯಲ್ಲಿ, ಮಗು ಮತ್ತು ಅಪ್ಪ ಅಮ್ಮ ಕಾಲ್ನಡಿಗೆಯಲ್ಲಿ ಹೋಗಿ ಕೊನೆಗೆ ಒಂದು ಕಡೆ ಸೇರುವ ಏರ್ಪಾಡು ಅನೇಕ ಕುಟುಂಬಗಳಿಗೆ ಒಪ್ಪುತ್ತದೆ.

ಎಲ್ಲ ಪ್ರಾಣಿಗಳನ್ನೂ ತೋರಿಸಬೇಕೆಂಬ ಹಟ ಬೇಡ. ಮನೆಯಲ್ಲೇ ಮಗುವನ್ನು ಕೇಳಿ ಐದು ಪ್ರಾಣಿಗಳನ್ನು ಆರಿಸಿಕೊಳ್ಳಿ: ಜಿರಾಫೆ, ಆನೆ, ಹುಲಿ, ಹಾವು, ಮತ್ತು ಅದು ತಾನಾಗಿ ಹೆಸರಿಸುವ ಇನ್ನೊಂದು. ಆ ಐದರ ಮುಂದೆ ಮಗು ತಾನಾಗಿ ಹೊರಡೋಣ ಎನ್ನುವವರೆಗೆ ನಿಂತು, ಮಿಕ್ಕವನ್ನು ದಾರಿಯಲ್ಲಿ ಸಿಕ್ಕಷ್ಟು ನೋಡಿದರೆ ಸಾಕು. ಬಳಿ ನಿಂತು ನೋಡಿಸುವುದಕ್ಕೆ ಸಣ್ಣ ಪ್ರಶ್ನೆಗಳು ನೆರವಾಗುತ್ತವೆ. ಜಿರಾಫೆಯ ನಾಲಗೆ ಯಾವ ಬಣ್ಣದ್ದು? ಅದು ಕರಿಯ ಛಾಯೆಯದು, ಎಲೆಯನ್ನು ಸುತ್ತಿ ಎಳೆಯುವಾಗ ಕಾಣುತ್ತದೆ. ಆನೆ ಸೊಂಡಿಲಿನಿಂದ ನೀರನ್ನು ನೇರವಾಗಿ ಕುಡಿಯುತ್ತದೆಯೋ, ಬಾಯಿಗೆ ಸುರಿದುಕೊಳ್ಳುತ್ತದೆಯೋ? ಮೂರು ವರ್ಷದ ಮಗು ಇದಕ್ಕೆ ಉತ್ತರ ಹುಡುಕಲು ಕಾಲು ಗಂಟೆ ಕಣ್ಣು ಕೀಳದೆ ನಿಲ್ಲಬಲ್ಲದು. ಇನ್ನೊಂದು ಕಡೆ, ಸಿಂಹದ ಮುಂದೆ ನಿಂತ ಎರಡು ವರ್ಷದ ಮಗು ಕಟಕಟೆಯ ಮೇಲೆ ಓಡುವ ಅಳಿಲನ್ನೇ ನೋಡುತ್ತಿದ್ದರೆ "ಅಲ್ಲಿ ನೋಡೋ, ಸಿಂಹ" ಎಂದು ಅದರ ಮುಖ ತಿರುಗಿಸುವ ಅಗತ್ಯವಿಲ್ಲ. ಅಳಿಲೂ ಪ್ರಾಣಿಯೇ, ಟಿಕೆಟಿನ ಹಣ ಅಲ್ಲಿಗೂ ಸಲ್ಲುತ್ತದೆ. ದೊಡ್ಡ ಮಕ್ಕಳಿಗೆ ಗೊರಿಲ್ಲಾ ಹಿಡಿಸುತ್ತದೆ. ದೇಶದಲ್ಲೇ ಅಪರೂಪವಾದ ಈ ಪ್ರಾಣಿಗಳಲ್ಲಿ ಎರಡನ್ನು 2021ರಲ್ಲಿ ಜರ್ಮನಿಯಿಂದ ಇಲ್ಲಿಗೆ ತರಲಾಯಿತು.

ಮಗುವನ್ನು ಕಟಕಟೆಯ ಮೇಲೆ ಕೂರಿಸಿ ಫೋಟೋ ತೆಗೆಯುವುದು ಎಂಥ ಸಂದರ್ಭದಲ್ಲೂ ಕೂಡದು. ಪ್ರಾಣಿಗಳಿಗೆ ತಿಂಡಿ ಎಸೆಯುವುದು, ಕೂಗಿ ಕೆಣಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳಿಗೆ ಇದನ್ನು ಕಾನೂನಿನ ಭಾಷೆಯಲ್ಲಿ ಹೇಳಬೇಕಿಲ್ಲ, "ನಮ್ಮ ತಿಂಡಿ ತಿಂದರೆ ಅದಕ್ಕೆ ಹೊಟ್ಟೆನೋವು ಬರುತ್ತೆ" ಎಂದರೆ ಕೇಳುತ್ತವೆ. ಪಕ್ಕದಲ್ಲಿ ಚಪ್ಪಾಳೆ ತಟ್ಟಿ ಹುಲಿಯನ್ನು ಎಬ್ಬಿಸುತ್ತಿರುವ ದೊಡ್ಡವರಿಗೆ ಏನು ಹೇಳಬೇಕೆಂಬುದು ಬೇರೆಯ ವಿಷಯ. ಹೊರಗೆ ಮಾರುವ ಕಡಲೆಕಾಯಿಯನ್ನು ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯಾಗಿ ಕೊಡಬಾರದು, ಓಡುತ್ತಾ ತಿನ್ನುವಾಗ ಶ್ವಾಸನಾಳಕ್ಕೆ ಸಿಕ್ಕಿಕೊಳ್ಳುವ ಅಪಾಯವಿದೆ. ಇಡೀ ದ್ರಾಕ್ಷಿಗೂ ಇದೇ ಮಾತು; ಉದ್ದಕ್ಕೆ ಸೀಳಿ ಕೊಡಬೇಕು.

ಮಗು ತಪ್ಪಿಸಿಕೊಳ್ಳುವ ಸಂಭವವನ್ನು ಮನೆಯಲ್ಲೇ ಯೋಚಿಸಿರಬೇಕು. ಆರು ಜನ ದೊಡ್ಡವರು ಜೊತೆಗಿದ್ದಾಗ ಈ ಅಪಾಯ ಕಡಿಮೆಯಾಗುವ ಬದಲು ಹೆಚ್ಚುತ್ತದೆ, ಏಕೆಂದರೆ ಅತ್ತೆ ನೋಡಿಕೊಳ್ಳುತ್ತಿದ್ದಾರೆಂದು ಚಿಕ್ಕಪ್ಪನೂ ಚಿಕ್ಕಪ್ಪ ನೋಡಿಕೊಳ್ಳುತ್ತಿದ್ದಾನೆಂದು ಅತ್ತೆಯೂ ಅಂದುಕೊಂಡಿರುತ್ತಾರೆ. ಯಾವ ಮಗು ಯಾರ ಕೈಯಲ್ಲಿ ಎಂಬುದನ್ನು ಹೆಸರು ಹಿಡಿದು ಹೇಳಿ, ಕೈ ಬದಲಿಸುವಾಗ ಬಾಯಿಬಿಟ್ಟು "ಈಗ ನೀವು ನೋಡ್ಕೊಳ್ಳಿ" ಎಂದೇ ಹೇಳಬೇಕು. ಬೆಳಗ್ಗೆ ಬಟ್ಟೆ ಹಾಕಿದ ಕೂಡಲೇ ಮಗುವಿನ ಒಂದು ಫೋಟೋ ತೆಗೆದಿಟ್ಟುಕೊಂಡರೆ, ಗಾಬರಿಯಲ್ಲಿ ಅಂಗಿಯ ಬಣ್ಣ ನೆನಪಾಗದಿದ್ದರೂ ತೋರಿಸಲು ಅದಿರುತ್ತದೆ. ಮುಂಗೈಯ ಒಳಭಾಗದಲ್ಲಿ ಫೋನ್ ನಂಬರನ್ನು ಬಾಲ್ ಪೆನ್ನಿನಲ್ಲಿ ಬರೆದು ಮೇಲೆ ಒಂದು ತುಂಡು ಪಾರದರ್ಶಕ ಟೇಪ್ ಅಂಟಿಸಿದರೆ ಬೆವರಿಗೆ ಅಳಿಸಿಹೋಗುವುದಿಲ್ಲ. ಮಗುವಿಗೆ ಹೇಳಿಕೊಡಬೇಕಾದ್ದು ಎರಡೇ ಮಾತು: ನಾವು ಕಾಣದಿದ್ದರೆ ನಿಂತಲ್ಲೇ ನಿಲ್ಲು, ಸಮವಸ್ತ್ರ ಹಾಕಿದವರನ್ನೋ ಮಗು ಎತ್ತಿಕೊಂಡ ಅಮ್ಮನನ್ನೋ ಕೇಳು. ಮಗು ಕಾಣದಾದರೆ ಕೂಡಲೇ ಮೃಗಾಲಯದ ಸಿಬ್ಬಂದಿಗೆ ತಿಳಿಸಿ ಒಬ್ಬರು ಹೊರಬಾಗಿಲಿಗೆ ಹೋಗಿ ನಿಲ್ಲಬೇಕು. ತುರ್ತು ನೆರವಿಗೆ 112, ಮಕ್ಕಳ ಸಹಾಯವಾಣಿಗೆ 1098.

ಹೊರಡುವ ಹೊತ್ತಿಗೆ ಬರುವ ಹಟಕ್ಕೆ ಒಂದು ಉಪಾಯವಿದೆ. "ಇನ್ನು ಐದು ನಿಮಿಷ" ಎಂದರೆ ಗಡಿಯಾರ ತಿಳಿಯದ ಮಗುವಿಗೆ ಅದು ಮಾತೇ ಅಲ್ಲ. "ಇನ್ನು ಎರಡು ಪ್ರಾಣಿ ನೋಡಿ ಊಟಕ್ಕೆ ಹೋಗೋಣ, ಯಾವ ಎರಡು?" ಎಂದು ಕೇಳಿದರೆ ಎಣಿಸುವುದಕ್ಕೂ ಆರಿಸುವುದಕ್ಕೂ ಅದಕ್ಕೆ ಅವಕಾಶ ಸಿಕ್ಕಂತಾಗಿ ಸಾಮಾನ್ಯವಾಗಿ ಒಪ್ಪುತ್ತದೆ. ಬಾಗಿಲ ಹೊರಗಿನ ಆಟಿಕೆ, ಬಲೂನುಗಳ ಬಗ್ಗೆಯೂ ಮೊದಲೇ ಒಂದು ಒಪ್ಪಂದವಾಗಿರಲಿ: ಒಂದು ವಸ್ತು, ವಾಪಸಾಗುವಾಗ. ಕಾರಿನಲ್ಲಿ ಬಂದವರು ಆ ಒಂದನ್ನು ಚನ್ನಪಟ್ಟಣಕ್ಕೆ ಮುಂದೂಡಿದರೆ ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಬುಗುರಿಯೋ ಬಂಡಿಯೋ ಸಿಗುತ್ತದೆ, ಬಾಳಿಕೆಯೂ ಬರುತ್ತದೆ. ಮೂರು ವರ್ಷದೊಳಗಿನ ಮಗುವಿಗಾದರೆ ಬಾಯಿಗೆ ಹೋಗುವಷ್ಟು ಚಿಕ್ಕ ಬಿಡಿಭಾಗ ಇಲ್ಲದ್ದನ್ನು ನೋಡಿ ಕೊಳ್ಳಬೇಕು.

ಮಧ್ಯಾಹ್ನದ ನಿದ್ದೆ

ಹನ್ನೆರಡೂವರೆಯಿಂದ ಮೂರರವರೆಗಿನ ಹೊತ್ತನ್ನು ಖಾಲಿ ಬಿಡಬೇಕು. ಒಂದರಿಂದ ಎರಡು ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ, ಇದರಲ್ಲಿ ಹಗಲಿನ ನಿದ್ದೆಯೂ ಸೇರಿದೆ. ಬೆಳಗ್ಗೆ ಐದಕ್ಕೆ ಎಬ್ಬಿಸಿದ ಮಗುವಿಗೆ ಆ ಸಾಲ ಮಧ್ಯಾಹ್ನವೇ ತೀರಬೇಕು. ಮೈಸೂರಿನಲ್ಲಿ ನೆಂಟರ ಮನೆಯಿದ್ದರೆ ಊಟಕ್ಕೆ ಬರುತ್ತೇವೆಂದು ಹೇಳುವಾಗಲೇ ಮಗು ಮಲಗುತ್ತದೆಂದೂ ಹೇಳಿಬಿಡಬೇಕು, ಇಲ್ಲದಿದ್ದರೆ ಮಾತು, ಟೀವಿ, ಅಕ್ಕಪಕ್ಕದ ಮಕ್ಕಳ ನಡುವೆ ಅದು ಕಣ್ಣು ಮುಚ್ಚುವುದಿಲ್ಲ. ಇಲ್ಲದವರು ನಗರದ ನಡುವೆ ಸಾಧಾರಣ ಲಾಡ್ಜಿನಲ್ಲಿ ಒಂದು ಕೊಠಡಿ ಹಿಡಿದರೆ ನಿದ್ದೆ, ಸ್ನಾನ, ಶೌಚ ಎಲ್ಲವೂ ಸಲೀಸಾಗುತ್ತವೆ. ಎರಡು ಗಂಟೆಗಾಗಿ ಅಷ್ಟು ದುಡ್ಡೇ ಎಂದು ಅನ್ನಿಸುವುದು ಸಹಜ, ಆದರೆ ಸಂಜೆ ಆ ದುಡ್ಡು ದಂಡ ಎಂದು ಯಾರಿಗೂ ಅನ್ನಿಸುವುದಿಲ್ಲ. ಅದೂ ಬೇಡವೆಂದರೆ ಕಾರಂಜಿ ಕೆರೆಯ ದಂಡೆಯ ಮರದ ನೆರಳಿನಲ್ಲಿ ಹತ್ತಿ ಸೀರೆ ಹಾಸಿ ಮಲಗಿಸಬಹುದು.

ಸಂಜೆಯ ಚಿಕ್ಕ ಜಾಗ

ವಾರದ ದಿನವಾಗಿದ್ದು ರೈಲಿನಲ್ಲಿ ಮರಳುವವರಿಗೆ ರೈಲ್ವೆ ಮ್ಯೂಸಿಯಂ ತಕ್ಕದ್ದು. 1979ರಲ್ಲಿ ತೆರೆದ ಈ ಸಂಗ್ರಹಾಲಯ ಕೃಷ್ಣರಾಜಸಾಗರ ರಸ್ತೆಯಲ್ಲಿ, ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎದುರಿಗೆ, ನಿಲ್ದಾಣಕ್ಕೆ ಹತ್ತಿರದಲ್ಲಿದೆ. ಜಾಗ ಚಿಕ್ಕದು, ಸುತ್ತಲೂ ಬೇಲಿಯಿದೆ, ಆದ್ದರಿಂದ ಇಡೀ ದಿನ ಕೈ ಹಿಡಿದುಕೊಂಡೇ ನಡೆದ ಮಗುವನ್ನು ಇಲ್ಲಿ ಸ್ವಲ್ಪ ಬಿಡಬಹುದು. ಹಳೆಯ ಉಗಿಬಂಡಿಗಳ ಗಾಲಿ ಮಗುವಿನ ಎತ್ತರವನ್ನು ಮೀರಿಸುತ್ತದೆ. ಮಹಾರಾಣಿಯವರ ಪ್ರಯಾಣಕ್ಕೆಂದು 1899ರಲ್ಲಿ ತಯಾರಾದ ಸಲೂನ್ ಬೋಗಿಯಲ್ಲಿ ಅಡುಗೆಮನೆಯೂ ಇತ್ತೆಂದರೆ ಐದು ವರ್ಷದವರಿಗೆ ಅದೇ ದೊಡ್ಡ ಸುದ್ದಿ. ಆವರಣದಲ್ಲಿ ಮಕ್ಕಳ ರೈಲೂ ಓಡುತ್ತದೆ. ವಾರದ ರಜೆ ಯಾವತ್ತು ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳಿ. ಕಾರಂಜಿ ಕೆರೆಯಲ್ಲಾದರೆ ಒಳಗೇ ನಡೆದು ಹೋಗಬಹುದಾದ ದೊಡ್ಡ ಪಕ್ಷಿಮನೆ, ಚಿಟ್ಟೆಗಳ ಉದ್ಯಾನ, ದೋಣಿವಿಹಾರ ಇವೆ. ನವಿಲು ಎರಡು ಮಾರು ದೂರದಲ್ಲಿ ಹಾದುಹೋದರೆ ಮಗು ಮೃಗಾಲಯವನ್ನೇ ಮರೆಯುತ್ತದೆ.

ಭಾನುವಾರದ ದೀಪಕ್ಕೆ ಆರೂವರೆಗೇ ಅರಮನೆಯ ಅಂಗಳ ಸೇರಿ, ಮುಂದಿನ ಸಾಲಿಗೆ ನುಗ್ಗದೆ ಹಿಂದೆ ಸರಿದು ನಿಲ್ಲುವುದು ಜಾಣತನ. ಒಂದು ಲಕ್ಷದ ಹತ್ತಿರದ ಬಲ್ಬುಗಳು ಒಟ್ಟಿಗೇ ಹೊತ್ತಿಕೊಳ್ಳುವುದು ದೂರದಿಂದಲೇ ಚೆನ್ನಾಗಿ ಕಾಣುವುದು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಳ್ಳಲೂ ಜಾಗವಿರುವುದು. ಬ್ಯಾಂಡಿನ ಸದ್ದಿಗೂ ಜನರ ಕೇಕೆಗೂ ಬೆಚ್ಚುವ ಮಗುವಾದರೆ ಮೊದಲೇ ಹೇಳಿಡಿ. ಜನರೆಲ್ಲ ಒಟ್ಟಿಗೆ ಹೊರಡುವಾಗ ಬಾಗಿಲಲ್ಲಿ ನೂಕುನುಗ್ಗಲಾಗುವುದರಿಂದ ದೀಪ ಆರುವುದಕ್ಕೆ ಹತ್ತು ನಿಮಿಷ ಮುಂಚೆ ಹೊರಬರಬೇಕು. ಟಾಂಗಾ ಹತ್ತುವ ಆಸೆಯಿದ್ದರೆ ಎಲ್ಲಿಯವರೆಗೆ, ಎಷ್ಟು ರೂಪಾಯಿ ಎಂದು ಹತ್ತುವ ಮುನ್ನವೇ ಮಾತಾಗಿರಲಿ.

ಬೆಟ್ಟಕ್ಕೆ ಹೋದವರು ತಿಂಡಿಯನ್ನು ಮಗುವಿನ ಕೈಗೆ ಕೊಡಬಾರದು, ಅಲ್ಲಿನ ಕೋತಿಗಳು ಕಿತ್ತುಕೊಳ್ಳುತ್ತವೆ. ಪರಚಿದರೆ ಅಥವಾ ಕಚ್ಚಿದರೆ, ಗಾಯ ಎಷ್ಟೇ ಚಿಕ್ಕದಿರಲಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ ಮೆತ್ತಿ ಮನೆಗೆ ಬರುವುದು ಸಲ್ಲದು.

ಮರಳುವಾಗ

ರಾತ್ರಿಯೂಟವನ್ನು ರೈಲು ಹತ್ತುವ ಮುಂಚೆಯೇ ಮುಗಿಸಿ, ನಿಲ್ದಾಣದಲ್ಲೇ ಮಗುವಿನ ಕೈಕಾಲು ತೊಳೆದು, ಮಲಗುವ ಬಟ್ಟೆ ತೊಡಿಸಿಬಿಡಿ. ಮಂಡ್ಯ ದಾಟುವಷ್ಟರಲ್ಲಿ ನಿದ್ದೆ ಹೋದ ಮಗುವನ್ನು ಮನೆಗೆ ಬಂದು ಬಟ್ಟೆ ಬದಲಿಸಲೆಂದು ಮತ್ತೆ ಎಬ್ಬಿಸುವುದು ತಪ್ಪುತ್ತದೆ. ಮರುದಿನ ಶಾಲೆಯಿರುವ ಮಕ್ಕಳಿದ್ದರೆ ದೀಪದ ಭಾನುವಾರಕ್ಕಿಂತ ಶನಿವಾರವೇ ಅನುಕೂಲ.

ಈ ಸಲ ಬಿಟ್ಟವನ್ನು ವಯಸ್ಸಿಗೆ ತಕ್ಕಂತೆ ಮುಂದಕ್ಕೆ ಹಂಚಿಕೊಳ್ಳಬಹುದು. ಅರಮನೆಯ ಒಳಭಾಗದಲ್ಲಿ ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಧಾನವಾಗಿ ಸಾಗಬೇಕು, ಯಾವುದನ್ನೂ ಮುಟ್ಟುವಂತಿಲ್ಲ. ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ 1912ರಲ್ಲಿ ಇದು ಎದ್ದುನಿಂತ ಕಥೆಯನ್ನು ಕೇಳುವ ಏಳೆಂಟು ವರ್ಷಕ್ಕೆ ಅದು ಸರಿ. ಬೆಟ್ಟದ ಸಾವಿರ ಮೆಟ್ಟಿಲನ್ನು ಕೆಳಗಿನಿಂದ ಹತ್ತಿಸುವ ಬದಲು ಮೊದಲ ಸಲ ಮೇಲಿನಿಂದ ನಂದಿಯವರೆಗೆ ಇಳಿಸಿ, ಅಲ್ಲಿಂದ ವಾಹನ ಹತ್ತಬಹುದು. ಗೂಡು ಕಟ್ಟಿದ ಹಕ್ಕಿಗಳನ್ನು ತೋರಿಸಲು ಜನವರಿಯಿಂದ ಮೇ ನಡುವೆ ಒಂದು ಬೆಳಗ್ಗೆಯನ್ನು ರಂಗನತಿಟ್ಟಿಗೆಂದೇ ಮೀಸಲಿಡಬೇಕು. ಅಲ್ಲಿ ಬಂಡೆಗಳ ಮೇಲೆ ಮೊಸಳೆಗಳು ಮಲಗಿರುವುದರಿಂದ ದೋಣಿಯಲ್ಲಿ ಮಗುವನ್ನು ಅಂಚಿಗೆ ಕೂರಿಸದೆ ನಡುವೆ ಕೂರಿಸಿ, ಅದರ ಅಳತೆಯ ಲೈಫ್ ಜಾಕೆಟ್ಟನ್ನು ಕೇಳಿ ಪಡೆದುಕೊಳ್ಳಬೇಕು.